ತೆರೆದ ನಾಳವು ಮತ್ತೆ ಕಿರಿದಾಗುವುದೇಕೆ?

ಹೃದಯಕ್ಕೆ ರಕ್ತವನ್ನೊದಗಿಸುವ ಧಮನಿಯಲ್ಲಿ ಕೊಬ್ಬು ಶೇಖರವಾಗಿ ದಾರಿಯು ಕಿರಿದಾದರೆ, ವೈದ್ಯರು ಅಲ್ಲಿ ಸ್ಟೆಂಟ್ ಎಂಬ ಲೋಹದ ಜಾಲರಿಯ ಕೊಳವೆಯನ್ನಿರಿಸುವರು. 1986ರಲ್ಲಿ ಫ್ರಾನ್ಸಿನ ಟುಲೂಸ್ ನಗರದಲ್ಲಿ ಇದು ಮೊದಲು ಮನುಷ್ಯನ ಹೃದಯಧಮನಿಯನ್ನು ಸೇರಿತು. ಲೋಹವು ಕುಸಿಯದು, ಆದರೂ ನಾಳವು ಮತ್ತೆ ಕಿರಿದಾಗುವುದುಂಟು. ಬಲೂನನ್ನುಬ್ಬಿಸಿ ಜಾಲರಿಯನ್ನು ಒತ್ತುವಾಗ ಒಳಗೋಡೆಗೆ ಗಾಯವಾಗುತ್ತದೆ. ಅದು ಮಾಯುವಾಗ ಜೀವಕೋಶಗಳು ಮಿತಿಮೀರಿ ಬೆಳೆದು ಜಾಲರಿಯ ಕಣ್ಣುಗಳೊಳಗಿಂದ ನುಗ್ಗಿಬರುತ್ತವೆ. ಗುಣವಾಗುವ ಕ್ರಿಯೆಯೇ ಅಡ್ಡಿಯಾಯಿತು, ನೋಡಿರಿ!

ರಕ್ತವು ಹೆಪ್ಪುಗಟ್ಟಿ ಹಠಾತ್ತನೆ ಮುಚ್ಚುವುದು ಬೇರೆಯೇ ಅಪಾಯ; ಆದುದರಿಂದ ನಿಮ್ಮ ಮನೆಯ ಹಿರಿಯರು ನೋವಿಲ್ಲವೆಂದು ಮಾತ್ರೆಗಳನ್ನು ನಿಲ್ಲಿಸಹೊರಟರೆ, ವೈದ್ಯರನ್ನು ಕೇಳದೆ ನಿಲ್ಲಿಸಗೊಡಬೇಡಿರಿ.

ಕೋಶಗಳ ಬೆಳವಣಿಗೆಯನ್ನು ತಡೆಯುವ ಸಿರೋಲಿಮಸ್ ಎಂಬ ಔಷಧವು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತುದು. 1999ರಲ್ಲಿ ಅದನ್ನು ಲೇಪಿಸಿದ ಸ್ಟೆಂಟನ್ನು ಬ್ರೆಜಿಲ್‌ನಲ್ಲಿ ಮೊದಲು ಅಳವಡಿಸಿದರು. ಅಂದಿನಿಂದ ಈ ತೊಂದರೆಯು ಬಹಳವಾಗಿ ತಗ್ಗಿದೆ, ಅಳಿದಿಲ್ಲ.