ಬೆಟ್ಟದ ಸೈಕಲ್ ಪಂದ್ಯದಲ್ಲಿ ತಂಡದ ಕೆಲಸ

ಸೈಕಲ್ ಪಂದ್ಯವೆಂದರೆ ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದಿರುವ ನಮ್ಮ ವಾಚಕರಿಗೆ ಹೊಸ ವಿಷಯವಲ್ಲ. ಆ ಜಿಲ್ಲೆಗಳ ಹುಡುಗ ಹುಡುಗಿಯರು ಪದಕ ಗೆದ್ದು ಬಂದ ಸುದ್ದಿಯನ್ನು ಊರಿನ ಪತ್ರಿಕೆಗಳಲ್ಲಿ ಅವರು ಓದಿಯೇ ಇರುತ್ತಾರೆ. ಈ ಸಲದ ಪಾಠಕ್ಕೆ ನಾವು ಆರಿಸಿಕೊಂಡಿರುವುದು ಆ ರಸ್ತೆಯ ಪಂದ್ಯದ ದಾಯಾದಿಯೊಂದನ್ನು. ಡಾಂಬರಿಲ್ಲದ ಕಡೆ, ಕಲ್ಲು, ಬೇರು, ಕೆಸರು, ಕೊರಕಲುಗಳ ನಡುವೆ ಗುಡ್ಡ ಹತ್ತಿ ಇಳಿಯುವ ಪಂದ್ಯವಿದು. ಮೌಂಟನ್ ಬೈಕ್ ಪಂದ್ಯವೆಂದು ಇದಕ್ಕೆ ಹೆಸರು. ಟೆಲಿವಿಷನ್ನಿನಲ್ಲೋ ಫೋನಿನಲ್ಲೋ ನೋಡುವಾಗ ನಮ್ಮ ಕಣ್ಣಿಗೆ ಬೀಳುವವನು ಸವಾರನೊಬ್ಬನೇ. ಅವನ ಅಂಗಿಯ ಮೇಲೆ ಮಾತ್ರ ತಂಡದ ಹೆಸರಿರುತ್ತದೆ. ಒಬ್ಬನೇ ತುಳಿಯುವ ಪಂದ್ಯದಲ್ಲಿ ತಂಡಕ್ಕೆ ಏನು ಕೆಲಸ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಮೊದಲು ಪಂದ್ಯ ಹುಟ್ಟಿದ ಗುಡ್ಡಕ್ಕೆ ಹೋಗಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸಾನ್ ಫ್ರಾನ್ಸಿಸ್ಕೊ ನಗರದ ಉತ್ತರಕ್ಕೆ, ಮರಿನ್ ಎಂಬ ಜಿಲ್ಲೆಯಿದೆ. ಅಲ್ಲಿನ ಕೆಲವು ತರುಣರು 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಊರಿನ ಬಳಿಯ ಕಡಿದಾದ ಮಣ್ಣುದಾರಿಯೊಂದರಲ್ಲಿ ಗಡಿಯಾರ ಹಿಡಿದು ಪೈಪೋಟಿ ಆರಂಭಿಸಿದರು. ದಾರಿ ಸುಮಾರು ಎರಡು ಮೈಲಿ. ಇಳಿತ ಸುಮಾರು 1,300 ಅಡಿ. ಸೈಕಲುಗಳಾದರೋ 1930–40ರ ಕಾಲದ, ದಪ್ಪ ಟೈರಿನ ಹಳೆಯ ಗಾಡಿಗಳು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ಹಬ್‌ನೊಳಗೆ ಬ್ರೇಕು ಹಿಡಿಯುವ ಏರ್ಪಾಡು ಅವುಗಳಲ್ಲಿತ್ತು. ಒಂದು ಸಲ ಗುಡ್ಡ ಇಳಿಯುವಷ್ಟರಲ್ಲಿ ಒಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಹಬ್ ಬಿಚ್ಚಿ ಹೊಸ ಗ್ರೀಸು ತುಂಬದೆ ಎರಡನೆಯ ಸಲ ಇಳಿಯುವಂತಿರಲಿಲ್ಲ. ಅದರಿಂದಲೇ ‘ಮತ್ತೆ ತುಂಬುವುದು’ ಎಂಬ ಅರ್ಥದ ರಿಪ್ಯಾಕ್ ಎಂಬ ಹೆಸರು ಆ ದಾರಿಗೆ ನಿಂತಿತು. ಗ್ರೀಸು ತುಂಬುತ್ತಿದ್ದವರು ಬೇರೆ ಯಾರೂ ಅಲ್ಲ, ಸವಾರರೇ. ಅವರಲ್ಲೊಬ್ಬನಾದ ಜೋ ಬ್ರೀಜ್ 1977ರಲ್ಲಿ ಇಂಥ ದಾರಿಗೆಂದೇ ಹೊಸ ಸೈಕಲನ್ನು ತನ್ನ ಕೈಯಿಂದ ಕಟ್ಟಿದ.

ಮುಂದಿನ ಬೆಳವಣಿಗೆ ಬೇಗ ಆಯಿತು. 1990ರಲ್ಲಿ ಕೊಲರಾಡೊದ ಡ್ಯುರಾಂಗೊದಲ್ಲಿ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಪಂದ್ಯಕ್ಕೆ ಸ್ಥಾನ ಸಿಕ್ಕಿತು. ಆದರೆ ತನ್ನ ಗಾಡಿಯನ್ನು ತಾನೇ ರಿಪೇರಿ ಮಾಡಿಕೊಳ್ಳಬೇಕೆಂಬ ಮರಿನ್ ಹುಡುಗರ ಪದ್ಧತಿ ಬಹುಕಾಲ ನಿಯಮವಾಗಿಯೇ ಉಳಿದಿತ್ತು. ಓಟದ ನಡುವೆ ಹೊರಗಿನವರು ಸೈಕಲನ್ನು ಮುಟ್ಟುವಂತಿರಲಿಲ್ಲ. ಪಂಕ್ಚರಾದರೆ ಸವಾರ ದಾರಿಯ ಬದಿಯಲ್ಲಿ ಕುಳಿತು, ತಾನೇ ಹೊತ್ತು ತಂದ ಟ್ಯೂಬನ್ನು ಹಾಕಿ, ಗಾಳಿ ತುಂಬಿ ಹೊರಡಬೇಕು. ಆಮೇಲೆ ನಿಯಮ ಸಡಿಲವಾಯಿತು. ಎಷ್ಟು ಸಡಿಲವಾಯಿತು ಎಂಬುದರಲ್ಲಿ ಸ್ವಾರಸ್ಯವಿದೆ.

ಈ ಪಂದ್ಯದಲ್ಲಿ ಬಗೆಗಳು ಹಲವು. ನಮ್ಮ ಪಾಠಕ್ಕೆ ಬೇಕಾದದ್ದು ಒಲಿಂಪಿಕ್ಸಿನಲ್ಲಿರುವ ಸುತ್ತುದಾರಿಯ ಓಟ. ನಾಲ್ಕೈದು ಕಿಲೋಮೀಟರಿನ ಸುತ್ತನ್ನು ಗುಡ್ಡ ಕಾಡುಗಳಲ್ಲಿ ಹಾಕಿರುತ್ತಾರೆ. ಅದನ್ನು ಹಲವು ಬಾರಿ ಸುತ್ತಿ ಮುಗಿಸಲು ಒಂದು ಗಂಟೆ ಇಪ್ಪತ್ತು ನಿಮಿಷದಿಂದ ಒಂದು ಗಂಟೆ ನಲವತ್ತು ನಿಮಿಷದವರೆಗೆ ಹಿಡಿಯುತ್ತದೆ. ಸುತ್ತಿನಲ್ಲಿ ಒಂದೆರಡು ಕಡೆ ಮಾತ್ರ ಗುರುತು ಮಾಡಿದ ಜಾಗವುಂಟು. ತಂಡದವರು ನೀರಿನ ಬಾಟಲಿ ಕೊಡುವುದು, ಚಕ್ರ ಬದಲಿಸುವುದು, ಚೈನು ಸರಿಮಾಡುವುದು, ಎಲ್ಲವೂ ಆ ಗೆರೆಗಳ ಒಳಗೇ ಆಗಬೇಕು. ಚಕ್ರ ಬದಲಿಸಬಹುದು, ಸೀಟು ಬದಲಿಸಬಹುದು, ಫ್ರೇಮನ್ನು ಬದಲಿಸುವಂತಿಲ್ಲ. ಇಡೀ ಸೈಕಲನ್ನು ಕೊಟ್ಟು ಇನ್ನೊಂದನ್ನು ಹತ್ತುವಂತೆಯೂ ಇಲ್ಲ. ಹೊರಟಾಗ ಹ್ಯಾಂಡಲಿಗೆ ಕಟ್ಟಿದ ನಂಬರಿನ ಫಲಕದೊಡನೆಯೇ ಗೆರೆ ಮುಟ್ಟಬೇಕು. ಆ ಜಾಗ ದಾಟಿದ ಮೇಲೆ ಪಂಕ್ಚರಾಯಿತೆನ್ನಿ, ದಾರಿಯಲ್ಲಿ ಹಿಂದಿರುಗಿ ಬರುವಂತಿಲ್ಲ. ಗಾಳಿ ಹೋದ ಚಕ್ರದ ಮೇಲೆಯೇ ಮುಂದಿನ ಜಾಗದವರೆಗೆ ಹೋಗಬೇಕು. ರಸ್ತೆಯ ಪಂದ್ಯದಲ್ಲಾದರೆ ಹಿಂದೆ ಕಾರು ಬರುತ್ತದೆ, ಅದರ ತಲೆಯ ಮೇಲೆ ಬದಲಿ ಸೈಕಲುಗಳಿರುತ್ತವೆ, ಜೊತೆಗಾರರು ಮುಂದೆ ನಿಂತು ಗಾಳಿ ತಡೆಯುತ್ತಾರೆ. ಇಲ್ಲಿ ಅದು ಯಾವುದೂ ಇಲ್ಲ.

ಹೀಗಾಗಿ ತಂಡದ ದುಡಿಮೆಯ ಬಹುಪಾಲು ಭಾನುವಾರದ ಓಟಕ್ಕೆ ಮೊದಲೇ ಮುಗಿದಿರಬೇಕು. ವಿಶ್ವಕಪ್ಪಿನ ಒಂದು ವಾರಾಂತ್ಯವನ್ನು ತೆಗೆದುಕೊಳ್ಳೋಣ. ತಂಡದವರು ಎರಡು ಮೂರು ದಿನ ಮುಂಚೆ ಬಂದು ಡೇರೆ ಹಾಕುತ್ತಾರೆ. ಸವಾರರ ಜೊತೆಗೆ ಮೆಕ್ಯಾನಿಕ್ಕರು, ಮೈ ತಿಕ್ಕಿ ಊಟ ನೋಡಿಕೊಳ್ಳುವ ಸಹಾಯಕರು, ಲೆಕ್ಕ ಮತ್ತು ಪ್ರಯಾಣ ನೋಡಿಕೊಳ್ಳುವ ಮ್ಯಾನೇಜರು ಇರುತ್ತಾರೆ. ಸವಾರರು ಮೊದಲು ಸುತ್ತನ್ನು ಕಂಡು ಬರುತ್ತಾರೆ: ಯಾವ ಬಂಡೆಯ ಎಡಕ್ಕೆ ಹಾಯಬೇಕು, ಯಾವ ಬೇರು ಮಳೆ ಬಂದರೆ ಜಾರುತ್ತದೆ, ಯಾವ ಏರಿನಲ್ಲಿ ಇನ್ನೊಬ್ಬನನ್ನು ಹಿಂದೆ ಹಾಕಲು ಅಗಲವಿದೆ. ಅವರು ತಂದ ವರದಿಯ ಮೇಲೆ ಮೆಕ್ಯಾನಿಕ್ಕನ ಕೆಲಸ ಶುರುವಾಗುತ್ತದೆ.

ಅದರಲ್ಲಿ ಟೈರಿನ ವಿಚಾರ ಒಂದೇ ಒಂದು ಸಂಜೆಯನ್ನು ನುಂಗಬಲ್ಲದು. ನಮ್ಮ ಸೈಕಲ್ ಶಾಪುಗಳಲ್ಲಿ ಹೆಬ್ಬೆರಳು ಒತ್ತಿದರೆ ಕಲ್ಲಿನಂತೆ ಇರಬೇಕೆಂದು ಗಾಳಿ ಹೊಡೆಸುವುದು ರೂಢಿ. ಇಲ್ಲಿ ತದ್ವಿರುದ್ಧ: ಚದರ ಅಂಗುಲಕ್ಕೆ 20 ಪೌಂಡಿನ ಆಸುಪಾಸು. ಗಾಳಿ ಕಡಿಮೆಯಾದಷ್ಟೂ ಟೈರು ನೆಲವನ್ನು ಅಪ್ಪಿ ಹಿಡಿಯುತ್ತದೆ, ಜಾರುವುದಿಲ್ಲ. ಆದರೆ ತೀರ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹರಿಯುತ್ತದೆ. ಒಳಗೆ ಟ್ಯೂಬಿಲ್ಲ. ಬದಲಿಗೆ ಹಾಲಿನಂತಹ ದ್ರವವೊಂದನ್ನು ಹಾಕಿರುತ್ತಾರೆ. ಮುಳ್ಳು ಚುಚ್ಚಿದ ಸಣ್ಣ ತೂತಿಗೆ ಅದು ನುಗ್ಗಿ ಹೆಪ್ಪುಗಟ್ಟಿ ಮುಚ್ಚುತ್ತದೆ. ದೊಡ್ಡ ಸೀಳಿಗೆ ಅದು ಸಾಲದು. ಒಂದೆರಡು ಪೌಂಡು ಹೆಚ್ಚೋ ಕಡಿಮೆಯೋ ಎಂದು ಸವಾರನೂ ಮೆಕ್ಯಾನಿಕ್ಕನೂ ತಲೆ ಕೆಡಿಸಿಕೊಳ್ಳುವುದು ವಿನೋದವೆನ್ನಿಸಬಹುದು. ತೂಕದ ಬಟ್ಟಿನಲ್ಲಿ ದಿನ ಕಳೆಯುವ ನಮ್ಮ ಗೋದಾಮಿನ ಮಿತ್ರರಿಗೆ ಹಾಗೆನ್ನಿಸದು.

ಶುಕ್ರವಾರ ಅಥವಾ ಶನಿವಾರ ಇಪ್ಪತ್ತು ನಿಮಿಷದಷ್ಟೇ ಇರುವ ಒಂದು ಕಿರು ಓಟವುಂಟು. 2018ರಿಂದ ಇದು ವಿಶ್ವಕಪ್ಪಿನಲ್ಲಿ ಸೇರಿದೆ. ಇದರಲ್ಲಿ ಮುಂದೆ ಬಂದವರಿಗೆ ಭಾನುವಾರದ ಓಟದಲ್ಲಿ ಮುಂದಿನ ಸಾಲು. ಹೊರಡುವ ಬಯಲು ಅಗಲವಾಗಿದ್ದರೂ ಸ್ವಲ್ಪದರಲ್ಲಿಯೇ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟು ಕಿರುದಾರಿ ಬರುತ್ತದೆ. ಹಿಂದಿನ ಸಾಲಿನವರು ಅಲ್ಲಿ ನಿಂತು ಕಾಯಬೇಕಾಗುತ್ತದೆ. ಬೆಳಗಿನ ಲೋಕಲ್ ಗಾಡಿಯ ಬಾಗಿಲನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾನುವಾರ ತಂಡಕ್ಕೆ ಉಳಿಯುವ ಕೆಲಸ ಸಣ್ಣದು, ಆದರೆ ತಪ್ಪಬಾರದು. ಇಂಥ ಓಟದಲ್ಲಿ ದೇಹ ಗಂಟೆಗೆ 60ರಿಂದ 90 ಗ್ರಾಮಿನಷ್ಟು ಸಕ್ಕರೆಯ ಅಂಶವನ್ನು ಬೇಡುತ್ತದೆ. ಅದನ್ನು ಬೆರೆಸಿದ ಬಾಟಲಿಯನ್ನು ವೇಗದಲ್ಲಿ ಬರುವ ಸವಾರನ ಕೈಗೆ ಇಡಬೇಕು. ಕೈ ತಪ್ಪಿದರೆ ಮುಂದಿನ ಜಾಗದವರೆಗೆ ಅವನಿಗೆ ಬಾಯಾರಿಕೆ. ಮೆಕ್ಯಾನಿಕ್ಕ ಗಾಳಿ ತುಂಬಿದ ಚಕ್ರಗಳನ್ನು ಎದುರಿಗಿಟ್ಟುಕೊಂಡು ನಿಂತಿರುತ್ತಾನೆ. ಹಲವು ಭಾನುವಾರಗಳು ಅವನು ಒಂದನ್ನೂ ಮುಟ್ಟದೆ ಮುಗಿಯುತ್ತವೆ.

ಮುಟ್ಟಬೇಕಾದ ದಿನ ಏನಾಗುತ್ತದೆಂಬುದಕ್ಕೆ 2024ರ ಜುಲೈ 29ರ ಪ್ಯಾರಿಸ್ ಒಲಿಂಪಿಕ್ಸ್ ಓಟ ಒಳ್ಳೆಯ ಉದಾಹರಣೆ. ಅಲ್ಲಿ ಆಡುವುದು ದೇಶದ ಪರವಾಗಿ. ನಿಯಮ ಮಾತ್ರ ಇದೇ. ಎಲಾಂಕೂರ್ ಗುಡ್ಡದಲ್ಲಿ 4.4 ಕಿಲೋಮೀಟರಿನ ಎಂಟು ಸುತ್ತು. ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಮುಂಚೂಣಿಯಲ್ಲಿದ್ದಾಗ ನಾಲ್ಕನೆಯ ಸುತ್ತಿನಲ್ಲಿ ಮುಂದಿನ ಚಕ್ರದ ಗಾಳಿ ಹೋಯಿತು. ಗುರುತಿನ ಜಾಗದವರೆಗೆ ಹಾಗೆಯೇ ತುಳಿದುಕೊಂಡು ಬಂದು ಚಕ್ರ ಬದಲಿಸಿಕೊಂಡು ಹೊರಡುವಷ್ಟರಲ್ಲಿ ಆತ ಒಂಬತ್ತನೆಯವನಾಗಿದ್ದ. ಮುಂದಿದ್ದವನಿಗೂ ತನಗೂ ಸುಮಾರು 40 ಸೆಕೆಂಡಿನ ಅಂತರ. ಒಂದು ಸುತ್ತಿಗೆ ಹನ್ನೊಂದು ನಿಮಿಷದ ಒಳಗೆ ಎಂದು ಲೆಕ್ಕ ಹಿಡಿದರೆ, ಸುತ್ತಿಗೆ ಹತ್ತು ಹನ್ನೆರಡು ಸೆಕೆಂಡು ಉಳಿಸುತ್ತ ಬರಬೇಕು. ಆತ ಹಾಗೆಯೇ ಬಂದ. ಕೊನೆಯ ಸುತ್ತಿನ ಮರಗಳ ನಡುವೆ ಫ್ರಾನ್ಸಿನ ವಿಕ್ಟರ್ ಕೊರೆಟ್ಸ್ಕಿಯನ್ನು ದಾಟಿ 9 ಸೆಕೆಂಡಿನಿಂದ ಚಿನ್ನ ಗೆದ್ದ.

ಎಲ್ಲರಿಗೂ ಹೀಗಾಗುವುದಿಲ್ಲ. 2016ರ ರಿಯೊ ಒಲಿಂಪಿಕ್ಸಿನಲ್ಲಿ, ಆಗ ರಸ್ತೆಯ ಪಂದ್ಯದ ವಿಶ್ವ ಚಾಂಪಿಯನ್ ಆಗಿದ್ದ ಸ್ಲೊವಾಕಿಯಾದ ಪೀಟರ್ ಸಗಾನ್ ಹಿಂದಿನ ಸಾಲಿನಿಂದ ಹೊರಟು, ಮೊದಲಲ್ಲಿಯೇ ಮುಂಚೂಣಿಯವರನ್ನು ಕೂಡಿಕೊಂಡಿದ್ದ. ಪಂಕ್ಚರುಗಳು ಆತನನ್ನು ಕೆಡವಿದವು. ಕೊನೆಗೆ ಸಿಕ್ಕಿದ್ದು 35ನೆಯ ಸ್ಥಾನ.

ಹಳೆಯ ನಿಯಮವೇ ಚೆನ್ನಾಗಿತ್ತು, ಮೆಕ್ಯಾನಿಕ್ಕನ ನೆರವು ಬಂದ ಮೇಲೆ ಹಣವಿದ್ದ ತಂಡಕ್ಕೆ ಅನುಕೂಲವಾಯಿತು ಎನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಹತ್ತು ಬದಲಿ ಚಕ್ರ ತರಬಲ್ಲವರೂ ಎರಡನ್ನೇ ತಂದವರೂ ಒಂದೇ ಗೆರೆಯೊಳಗೆ ನಿಂತಿರುತ್ತಾರೆ. ಆದರೂ ಈಗಿನ ಏರ್ಪಾಡೇ ನ್ಯಾಯಕ್ಕೆ ಹತ್ತಿರವೆಂದು ನಮಗೆ ತೋರುತ್ತದೆ. ಒಂದು ಮೊನಚು ಕಲ್ಲಿಗಾಗಿ ವರ್ಷದ ಸಾಧನೆ ಮಣ್ಣುಪಾಲಾಗುವುದಿಲ್ಲ. ಹಾಗೆಂದು ಪಂಕ್ಚರು ಬಿಟ್ಟಿಯೂ ಅಲ್ಲ, ಗಾಳಿಯಿಲ್ಲದ ಚಕ್ರದ ಮೇಲೆ ಹೋದ ದೂರವೇ ಅದಕ್ಕೆ ತೆರುವ ದಂಡ. ಎಷ್ಟೇ ಹಣವಿದ್ದರೂ ಕಾಡಿನ ನಡುವೆ ಯಾರೂ ಕೈ ಹಿಡಿಯಲಾರರು.

ಇಂಥದೊಂದು ಓಟ ನೋಡಲು ಸಿಕ್ಕಿದರೆ ಮುಂದಿರುವವನನ್ನೇ ನೋಡುತ್ತಿರಬೇಡಿ. ಮೊದಲ ಕಿರುದಾರಿ ಬಂದಾಗ ಹಿಂದಿನ ಸಾಲಿನವರು ಕಾಲೂರಿ ನಿಲ್ಲುವುದನ್ನು ಗಮನಿಸಿ. ಬಾಟಲಿಯ ಜಾಗದಲ್ಲಿ ತೋಳು ಚಾಚಿ ನಿಂತವರ ಸಾಲನ್ನು ನೋಡಿ. ಅವರ ಕಾಲಬಳಿ ಚಕ್ರಗಳಿರುತ್ತವೆ. ಯಾವ ಚಕ್ರ ಯಾವ ಸವಾರನದೆಂದು ಚೀಟಿ ನೋಡದೆ ಹೇಳಬಲ್ಲವನು ಅಲ್ಲಿ ನಿಂತಿರುತ್ತಾನೆ.