ಇಡೀ ಡಿಸ್ಕ್‌ನ ನಕಲು: ಮೊದಲು ಸಿದ್ಧತೆ



ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ, ವರ್ಷಗಟ್ಟಲೆ ಕನ್ನಡದಲ್ಲಿ ಟೈಪ್ ಮಾಡಿದ್ದೆಲ್ಲ ಒಂದೇ ಡಿಸ್ಕ್‌ನಲ್ಲಿರುತ್ತದೆ. ಕಡತಗಳನ್ನಷ್ಟೇ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಸಾಲದು. ಹಳೆಯ ನುಡಿ, ಬರಹ ಫಾಂಟ್‌ಗಳಿಲ್ಲದ ಕಂಪ್ಯೂಟರಿನಲ್ಲಿ ಆ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಇಡೀ ಡಿಸ್ಕ್‌ನ ಬ್ಯಾಕಪ್ ಮಾಡಿದರೆ ವಿಂಡೋಸ್, ಫಾಂಟ್, ಪ್ರಿಂಟರ್ ಸೆಟ್ಟಿಂಗ್ ಎಲ್ಲವೂ ಉಳಿಯುತ್ತವೆ. ಅದಕ್ಕೆ ಮೊದಲು ನಾವು ಮಾಡಬೇಕಾದದ್ದು ಇಷ್ಟು:

1. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಡಿಸ್ಕ್‌ನಲ್ಲಿ ಎಷ್ಟು ಭಾಗಗಳಿವೆ ನೋಡೋಣ. ಸಿ, ಡಿ ಅಲ್ಲದೆ ಚಿಕ್ಕ ಭಾಗಗಳೂ ಇರುತ್ತವೆ. ಕಂಪ್ಯೂಟರ್ ಶುರುವಾಗಲು ಅವೂ ಬೇಕು, ಬಿಡಬಾರದು.

2. ಡಿಸ್ಕ್ ವಿಚಿತ್ರ ಸದ್ದು ಮಾಡುತ್ತಿದ್ದರೆ ಮುಖ್ಯ ಕಡತಗಳನ್ನು ಕೂಡಲೇ ಬೇರೆಡೆ ಇಡೋಣ. ಇಲ್ಲವಾದರೆ ಚೆಕ್‌ಡಿಸ್ಕ್‌ನಿಂದ ಪರೀಕ್ಷಿಸೋಣ. ಮೂಲದಲ್ಲಿ ದೋಷವಿದ್ದರೆ ನಕಲಿಗೂ ಬರುತ್ತದೆ.

3. ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ ಸಾಕಷ್ಟು ಜಾಗವಿರಲಿ; ಅದು ಎನ್‌ಟಿಎಫ್‌ಎಸ್ ಆಗಿರಲಿ. ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಅದರಲ್ಲಿ ಹಿಡಿಸದು. ಫಾರ್ಮ್ಯಾಟ್ ಮಾಡಿದರೆ ಅದರಲ್ಲಿದ್ದದ್ದು ಅಳಿಸಿಹೋಗುತ್ತದೆ, ನೆನಪಿರಲಿ.

4. ಬಿಟ್‌ಲಾಕರ್ ಹಾಕಿದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಜೋಪಾನ ಮಾಡೋಣ.

5. ಬ್ಯಾಕಪ್ ತಂತ್ರಾಂಶದಿಂದ ಬೂಟ್ ಆಗುವ ಪೆನ್‌ಡ್ರೈವ್ ಮಾಡಿಕೊಳ್ಳೋಣ. ಅದರಿಂದ ಕಂಪ್ಯೂಟರ್ ಶುರುವಾಗುತ್ತದೆಯೇ, ಹೊರಗಿನ ಡಿಸ್ಕ್ ಕಾಣುತ್ತದೆಯೇ ಎಂದು ಈಗಲೇ ನೋಡೋಣ. ವಿಂಡೋಸ್ ಕೆಟ್ಟ ದಿನ ನಕಲನ್ನು ಮರಳಿ ಹಾಕಲು ಅದೇ ದಾರಿ.

ಬ್ಯಾಕಪ್ ಮುಗಿದ ಮೇಲೆ ಹೊರಗಿನ ಡಿಸ್ಕನ್ನು ಸಿಕ್ಕಿಸಿಯೇ ಬಿಡಬಾರದು. ಕಂಪ್ಯೂಟರಿಗೆ ತಗಲಿದ ವೈರಸ್, ಸಿಡಿಲು ಅದಕ್ಕೂ ತಗಲುತ್ತವೆ. ಕಳಚಿ, ದಿನಾಂಕ ಬರೆದು, ಬೇರೆ ಕಟ್ಟಡದಲ್ಲಿ ಇಡೋಣ.