ಪೊರಕೆ ಯಾರ ಕೈಯಲ್ಲಿ?

ತೊಂಡೇಬಾವಿ

ಚಿ. ಸೌ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸೇರಿದ ಮನೆಯಲ್ಲಿ ಎಲ್ಲರೂ ಕಲಾವಿದರು ಎಂದು ಹಿಗ್ಗಿ ಬರೆದಿದ್ದೀಯ. ಮಾವ ಗೊಂಬೆ ಕೆತ್ತುತ್ತಾರೆ, ಅತ್ತೆ ಕಸೂತಿ ಹಾಕುತ್ತಾರೆ, ಗಂಡ ಬಣ್ಣ ಹಿಡಿದು ಕೂತರೆ ಊಟದ ನೆನಪಿರದು. ಸಂತೋಷ. ಕೊನೆಗೆ ‘ನನಗೇನೂ ಬರೋದಿಲ್ಲ, ಅಡುಗೆ ಮಾಡ್ಕೊಂಡಿದ್ದೀನಿ’ ಎಂದಿದ್ದೀಯಲ್ಲ, ಈ ಕಾಗದ ಆ ಮಾತಿಗೆ. ನಿನ್ನ ಹೆಸರು ಬಿಟ್ಟಿದ್ದೇನೆ, ನಿನ್ನಂಥ ಇನ್ನೂ ನಾಲ್ಕು ಜನ ಓದಲಿ.

ನಮ್ಮ ಸೀಮೆಯ ರೇಷ್ಮೆ ಹುಳು ಮನೆ ನೆನಪಿದೆಯಾ? ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ಹುಳು ವಾರವಿಡೀ ಹಗಲುರಾತ್ರಿ ಮೇದು ಹಣ್ಣಾಗುತ್ತದೆ. ಅದನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ದಿನ ಮನೆಮಂದಿಯೆಲ್ಲ ಕೂರಲೇಬೇಕು, ಬಂದ ನೆಂಟರನ್ನೂ ಬಿಡುವಂತಿಲ್ಲ. ಅವತ್ತು ದೊಡ್ಡ ಕೆಲಸ, ಚಿಕ್ಕ ಕೆಲಸ ಎಂಬುದಿಲ್ಲ.

ಗೂಡಿನ ಹಾರ ಮಾಡುವ ಮನೆಯ ಕಥೆಯೇ ಬೇರೆ. ಚಿಟ್ಟೆ ಕೊರೆದು ಹೊರಬಂದ ಗೂಡಿನಲ್ಲಿ ಎಳೆ ಹರಿದಿರುತ್ತದೆ, ನೂಲು ಬಿಚ್ಚಲಾಗದು. ಅದಕ್ಕೆ ಬಣ್ಣ ಕಟ್ಟಿ, ಕತ್ತರಿಯಲ್ಲಿ ಎಸಳು ಬಿಡಿಸಿ ಹಾರ ಪೋಣಿಸುತ್ತಾರೆ. ಒಂದು ಗೂಡು ಕತ್ತರಿಸಿ ನೋಡು. ಒಳಗಿನ ಒಣ ಪೊರೆ ಪುಡಿಯಾಗಿ ಉದುರುತ್ತದೆ. ಮೇಲಿನ ನವಿರು ಬೆರಳಿಗೆ, ಸೆರಗಿಗೆ, ಮುದ್ದೆ ತಿರುವುವ ಕೋಲಿಗೂ ಅಂಟುತ್ತದೆ. ಹಾರ ವೇದಿಕೆ ಹತ್ತಿ ಅತಿಥಿಯ ಕೊರಳಿಗೆ ಬೀಳುತ್ತದೆ. ನವಿರು ಗುಡಿಸಿದವಳನ್ನು ಯಾರು ಕೇಳುತ್ತಾರೆ?

ನಮ್ಮೂರ ಸ್ಟೇಷನ್ನಿನಿಂದ ಹಿಂದೂಪುರದ ಕಡೆ ಹೋಗುವ ರೈಲು ದಾರಿ ಮುಂದೆ ಧರ್ಮಾವರ ಮುಟ್ಟುತ್ತದೆ. ಅಲ್ಲಿಗೆ ಹತ್ತಿರದ ನಿಮ್ಮಲಕುಂಟದಲ್ಲಿ ತೊಗಲುಗೊಂಬೆಯ ಮನೆತನಗಳಿವೆ, ಅಲ್ಲೂ ಇದೇ ಕಥೆ. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಆಡಿನ ಚರ್ಮ ತೊಳೆದು, ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳುವಾಗಿಸಿದ ಮೇಲೇ ಗೆರೆ, ತೂತು, ಬಣ್ಣ. ಪರದೆಯ ಮುಂದೆ ಕೂತವರಿಗೆ ರಾವಣನ ಕಿರೀಟ ಕಂಡೀತು, ಚರ್ಮ ಹೆರೆದ ಕೈ ಕಾಣದು. ಆಟಕ್ಕೆ ಕರೆ ಕಡಿಮೆಯಾದಾಗ ಅದೇ ಚರ್ಮದಲ್ಲಿ ಲ್ಯಾಂಪ್‌ಶೇಡ್ ಮಾಡಿ ಸಂಸಾರ ನಡೆಸಿದವರೂ ಈ ಮನೆತನಗಳವರೇ. ಅಂಥ ಮನೆಯಲ್ಲಿ ಇಡೀ ಮನೆ ದುಡಿಯುತ್ತದೆ, ಪ್ರಶಸ್ತಿಯ ಹಾಳೆಯಲ್ಲಿ ಮಾತ್ರ ಒಬ್ಬರ ಹೆಸರಿಗಷ್ಟೇ ಜಾಗ.

ಹಾಗಾಗಿ ನೀನೂ ಕುಂಚ ಹಿಡಿಯಲೇಬೇಕೆಂಬ ಹಟ ಬೇಡ. ಆಸೆಯಿದ್ದರೆ ಕಲಿ, ಅತ್ತೆಯ ಪಕ್ಕ ಕೂತು ಸೂಜಿಗೆ ದಾರ ಪೋಣಿಸುವುದರಿಂದ ಶುರುವಾದರೂ ಸಾಕು. ಆಸೆಯಿಲ್ಲದಿದ್ದರೆ ಅದನ್ನು ನಾಚಿಕೆಯಿಲ್ಲದೆ ಹೇಳು. ಆದರೆ ಹರಡಿದವರೇ ಎತ್ತಿಡಲಿ. ಅಡುಗೆಮನೆಯ ಕತ್ತರಿ ಅಡುಗೆಮನೆಯಲ್ಲೇ ಇರಲಿ, ಊಟದ ತಟ್ಟೆಯಲ್ಲಿ ಬಣ್ಣ ಕಲಸುವುದನ್ನು ಮೊದಲ ಸಲವೇ ತಡೆ. (ನಿಮ್ಮ ದೊಡ್ಡಪ್ಪನನ್ನು ನಾನು ತಡೆಯಲಿಲ್ಲ, ಈಗ ಯಾವ ತಟ್ಟೆಗೂ ಮೂಲ ಬಣ್ಣವಿಲ್ಲ.) ಗೊಂಬೆ ಮಾರಿದ ದುಡ್ಡು ಯಾವ ಖಾತೆಗೆ ಹೋಗುತ್ತದೆಂದು ಕೇಳುವುದೂ ತಪ್ಪಲ್ಲ. ಅರ್ಧ ಮಾಡಿಟ್ಟ ಕೆಲಸವನ್ನು ಮಾತ್ರ ಕಸವೆಂದು ಎಸೆಯಬೇಡ, ಅದರಲ್ಲಿ ನಾನು ಕಲಾವಿದರ ಪರ.

ಭಾನುವಾರದ ಅಡುಗೆ ನಿನ್ನ ಗಂಡನದು ಎಂದು ಈ ವಾರವೇ ಹೇಳಿಬಿಡು. ಬಸ್ಸಾರಿಗೆ ಉಪ್ಪು ಹೆಚ್ಚಾದರೂ ತಿನ್ನಿ. ಬರದಿದ್ದರೆ ನನಗೆ ಫೋನ್ ಮಾಡಲಿ, ಹೇಳಿಕೊಡುತ್ತೇನೆ.

ಇಂತಿ,
ದೊಡ್ಡಮ್ಮ